ಏಳನೇ ಪ್ರಶ್ನೆಗೆ ಸಿ

ನನಗೆ ಸಿಟ್ಟು ಬೇಗ. ಇಪ್ಪತ್ತೆಂಟು ವರ್ಷಗಳಿಂದ ನಾಯಿ ಬೆಕ್ಕುಗಳ ಡಾಕ್ಟರು. ಕಚ್ಚುವ ನಾಯಿಯ ಮೇಲೆ ಒಂದು ದಿನವೂ ಸಿಟ್ಟಾದವಳಲ್ಲ, ಅದನ್ನು ಕರೆತಂದವರ ಮೇಲೆ ಸಿಟ್ಟಾಗದ ದಿನವಿಲ್ಲ. ನಾಯಿಯ ಬಾಯಿಗೆ ಚಾಕೊಲೇಟು ತುರುಕಿ "ಪಾಪ, ಅದಕ್ಕೂ ಆಸೆ ಇರಲ್ವಾ" ಅನ್ನುವವರನ್ನು, ಬೆಕ್ಕು ಮೂರು ದಿನದಿಂದ ಉಚ್ಚೆ ಹೊಯ್ದಿಲ್ಲ ಎಂದು ನಾಲ್ಕನೇ ದಿನ ಬಂದು ಹೇಳುವವರನ್ನು ಬಾಯಿಗೆ ಬಂದಹಾಗೆ ಬೈದಿದ್ದೇನೆ. ಬೈಸಿಕೊಂಡವರೇ ಮತ್ತೆ ಬರುತ್ತಾರೆ. ಬೈದರೂ ಉಳಿಸಿಕೊಡುತ್ತಾಳೆ ಎಂದು ನನ್ನ ಹೆಸರು.

ಇವೆಲ್ಲಕ್ಕಿಂತ ಹೆಚ್ಚು ನನ್ನ ಹೊಟ್ಟೆ ಉರಿಸುತ್ತಿದ್ದದ್ದು ವರ್ಷದ ಇಪ್ಪತ್ತು ಗಂಟೆ. ನಮ್ಮ ಕಸುಬಿನವರು ಪ್ರತಿ ವರ್ಷ ಇಪ್ಪತ್ತು ಗಂಟೆ ಹೊಸ ಪಾಠ ಕೇಳಬೇಕು, ಇಲ್ಲವಾದರೆ ಲೈಸೆನ್ಸು ಮುಂದುವರಿಯುವುದಿಲ್ಲ. ಪಾಠವೆಲ್ಲ ಕಂಪ್ಯೂಟರಿನಲ್ಲೇ. ಒಂದು ವಿಡಿಯೋ ಓಡುತ್ತದೆ. ಹತ್ತು ನಿಮಿಷಕ್ಕೊಮ್ಮೆ ಪರದೆಯ ಮೇಲೆ "ನೀವು ಇದ್ದೀರಾ?" ಎಂದು ಒಂದು ಚೌಕ ಬರುತ್ತದೆ. "ಇದ್ದೇನೆ" ಎಂದು ಒತ್ತಬೇಕು. ಒತ್ತದಿದ್ದರೆ ಪಾಠ ನಿಂತುಬಿಡುತ್ತದೆ. ಕೊನೆಗೆ ಹತ್ತು ಪ್ರಶ್ನೆ, ಒಂದೊಂದಕ್ಕೆ ನಾಲ್ಕು ಉತ್ತರ, ಸರಿಯಾದದ್ದನ್ನು ಆರಿಸಬೇಕು.

ಹಗಲೆಲ್ಲ ನಿಂತು ಕಾಲು ಊದಿಸಿಕೊಂಡು ಬಂದವಳು ಇದಕ್ಕೆಲ್ಲಿ ಕೂರಲಿ? ನನ್ನ ಬದಲು ನನ್ನ ಗಂಡ ಕೂರುತ್ತಿದ್ದರು. ಅವರು ರಿಟೈರಾದ ಲೆಕ್ಕದ ಮೇಷ್ಟ್ರು, ಹೊತ್ತು ಹೋಗದೆ ಒದ್ದಾಡುವವರು. ಪೇಪರಿನ ಪದಬಂಧ ತುಂಬುತ್ತಾ, ಹತ್ತು ನಿಮಿಷಕ್ಕೊಮ್ಮೆ "ಇದ್ದಾಳಪ್ಪಾ, ಇದ್ದಾಳೆ" ಎಂದು ಒತ್ತುವುದು ಅವರ ಕೆಲಸ. ಪ್ರಶ್ನೆಗಳ ಚಿಂತೆಯೂ ಇರಲಿಲ್ಲ. ನಮ್ಮ ವಾರಗೆಯ ಡಾಕ್ಟರುಗಳದ್ದೊಂದು ಗುಂಪು ಫೋನಿನಲ್ಲಿದೆ. ಅದರಲ್ಲಿ ನಾವು ಮೀಸೆ ಎಂದು ಕರೆಯುವ ಒಬ್ಬ ಪುಣ್ಯಾತ್ಮ ಪ್ರತಿ ಪಾಠದ ಉತ್ತರಗಳನ್ನು ಸಾಲಾಗಿ ಬರೆದು ಹಾಕುತ್ತಿದ್ದ. ಒಂದು ಬಿ, ಎರಡು ಎ, ಮೂರು ಡಿ. ನಾವೆಲ್ಲ ಅದನ್ನು ನೋಡಿ ಒತ್ತುತ್ತಿದ್ದೆವು. ಪ್ರಶ್ನೆ ಓದುವ ಗೋಜಿಗೂ ಹೋಗುತ್ತಿರಲಿಲ್ಲ.

ಈ ಸಲದ ಕೊನೆಯ ಪಾಠ ಮನೆಯಲ್ಲಿರುವ ಯಾವ ಯಾವ ಪದಾರ್ಥ ನಾಯಿ ಬೆಕ್ಕುಗಳಿಗೆ ವಿಷ ಎಂಬುದರ ಬಗ್ಗೆ. ಹೇಳಿಕೊಟ್ಟವಳು ಯಾರು ಗೊತ್ತೇ? ಹದಿನೈದು ವರ್ಷದ ಹಿಂದೆ ನನ್ನ ಕ್ಲಿನಿಕ್ಕಿಗೆ ಕೆಲಸ ಕಲಿಯಲು ಬಂದಿದ್ದ ಹುಡುಗಿ. ಮೊದಲ ಆಪರೇಷನ್ನಿನಲ್ಲೇ ಧೊಪ್ಪನೆ ಬಿದ್ದು ಹಣೆ ಒಡೆದುಕೊಂಡಿದ್ದಳು. ಅವಳಿಗೆ ತಲೆಸುತ್ತು ಎಂದೇ ಹೆಸರಿಟ್ಟಿದ್ದೆ. ಈಗ ಅವಳು ದೊಡ್ಡ ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರು, ಪರದೆಯ ಮೇಲೆ ಕನ್ನಡಕ ಹಾಕಿಕೊಂಡು ಕೂತು ನನಗೆ ಪಾಠ ಹೇಳುತ್ತಾಳೆ! ಅವಳ ಮುಖ ಕಂಡದ್ದೇ, "ರೀ, ಬನ್ನಿ ಇಲ್ಲಿ, ಒತ್ತಿ" ಎಂದು ಮೇಷ್ಟ್ರನ್ನು ಕೂರಿಸಿ ನಾನು ಬಟ್ಟೆ ಮಡಿಸಲು ಹೋದೆ. ಆಮೇಲೆ ಮೀಸೆಯ ಸಾಲು ನೋಡಿ ಹತ್ತನ್ನೂ ಒತ್ತಿದೆ. ಏಳನೆಯದಕ್ಕೆ ಸಿ ಎಂಬುದು ನೆನಪಿನಲ್ಲಿ ಉಳಿದದ್ದಕ್ಕೆ ಕಾರಣವಿದೆ. ಮೀಸೆ ಮೊದಲು ಏಳಕ್ಕೆ ಬಿ ಎಂದು ಬರೆದು, ಆಮೇಲೆ "ತಪ್ಪಾಯ್ತು, ಏಳು ಸಿ, ಏಳು ಸಿ" ಎಂದು ಎರಡು ಸಲ ಹಾಕಿದ್ದ. ನೂರಕ್ಕೆ ನೂರು ಬಂತು.

ಸರ್ಟಿಫಿಕೇಟಿಗೆ ಚೌಕಟ್ಟು ಹಾಕಿಸಿದೆ. ಅದನ್ನು ಕ್ಲಿನಿಕ್ಕಿನ ಗೋಡೆಗೆ ತೂಗುಹಾಕಲು ಮೊಳೆ ಹೊಡೆದುಕೊಟ್ಟವರು ಟೈಲರಣ್ಣ.

ಟೈಲರಣ್ಣನ ಅಂಗಡಿ ನನ್ನ ಕ್ಲಿನಿಕ್ಕಿನಿಂದ ಮೂರನೆಯದು. ಒಂದೇ ಕೋಣೆ, ಒಂದು ಮಿಷನ್ನು, ಗೋಡೆ ತುಂಬ ನೇತಾಡುವ ಅರ್ಧ ಹೊಲಿದ ಬಟ್ಟೆಗಳು. ಹಿಂದೆ ಪರದೆ ಕಟ್ಟಿ ಅಲ್ಲೇ ವಾಸ. ಮದುವೆಯಾಗಲಿಲ್ಲ. "ಅಳತೆ ಸರಿಹೋಗ್ಲಿಲ್ಲ ಡಾಕ್ಟ್ರಮ್ಮ" ಅನ್ನುತ್ತಿದ್ದರು. ಆರು ವರ್ಷದ ಹಿಂದೆ ಅಂಗಡಿಯ ಹೊರಗೆ ಎಸೆದ ಬಟ್ಟೆಚೂರುಗಳ ರಾಶಿಯಲ್ಲಿ ಒಂದು ಹೆಣ್ಣು ನಾಯಿಮರಿ ಕುಂಯ್‌ಗುಟ್ಟುತ್ತಿತ್ತು. ಎತ್ತಿಕೊಂಡು ಓಡಿ ಬಂದಿದ್ದರು. ಅಂಗೈಯಷ್ಟಿದ್ದ ಅದನ್ನು ಇಂಕ್ ಫಿಲ್ಲರಿನಿಂದ ಹಾಲು ಹಾಕಿ ಬದುಕಿಸಿದವಳು ನಾನು, ಚಿಂದಿ ಎಂದು ಹೆಸರಿಟ್ಟವರು ಅವರು. ಅಂದಿನಿಂದ ಅವಳ ಜಾಗ ಮಿಷನ್ನಿನ ಕೆಳಗೆ, ಅವರ ಪೆಡಲಿನ ಪಕ್ಕ. ಚಿಂದಿಗೆ ಒಂದು ಸೀನು ಬಂದರೂ ನನ್ನ ಬಾಗಿಲಿಗೆ ಬರುವರು. "ಅವಳು ಬಿಟ್ರೆ ನಂಗ್ಯಾರಿದಾರೆ, ನೀವೇ ಹೇಳಿ" ಅನ್ನುವರು. ನಾನು, "ನಾನಿಲ್ವಾ ಬೈಯೋಕೆ?" ಅನ್ನುವೆ. ಅವರಿಗೆ ಸಕ್ಕರೆ ಕಾಯಿಲೆ, ಮೇಲೆ ಸಿಗರೇಟಿನ ಚಟ. ಬಿಡಿ ಬಿಡಿ ಎಂದು ತಲೆ ತಿಂದು, ಬಾಯಿ ಚಪಲಕ್ಕೆ ಸಕ್ಕರೆ ಇಲ್ಲದ ಚೂಯಿಂಗ್ ಗಮ್ ಅಗಿಯಿರಿ ಎಂದವಳೂ ನಾನೇ.

ಅವತ್ತು ಬೆಳಿಗ್ಗೆ ಒಂಬತ್ತೂವರೆ. ಕ್ಲಿನಿಕ್ಕು ತುಂಬಿತ್ತು. ಟೈಲರಣ್ಣ ಚಿಂದಿಯನ್ನು ಎತ್ತಿಕೊಂಡು ಸರತಿ ಬಿಟ್ಟು ಒಳಗೇ ನುಗ್ಗಿದರು. ಇನ್ನೊಂದು ಕೈಯಲ್ಲಿ ಕಚ್ಚಿ ಹರಿದ ಪ್ಲಾಸ್ಟಿಕ್ ಡಬ್ಬಿ.

"ಡಾಕ್ಟ್ರಮ್ಮ, ಈಗ ಹತ್ತು ನಿಮಿಷ ಆಯ್ತು ಅಷ್ಟೇ. ನಾನು ಸ್ನಾನಕ್ಕೆ ಹೋಗಿದ್ದೆ. ಪೂರ್ತಿ ಡಬ್ಬಿ ತಿಂದ್ಬಿಟ್ಟಿದಾಳೆ. ನಲವತ್ತು ಇತ್ತು."

ಡಬ್ಬಿ ನೋಡಿದೆ. ಗಮ್ಮು. ಚಿಂದಿ ಬಾಲ ಆಡಿಸುತ್ತಾ ನನ್ನ ಕೈ ನೆಕ್ಕಿದಳು, ಬಾಯಿಂದ ಪುದೀನದ ವಾಸನೆ. ನನಗೆ ನಗು ಬಂತು.

"ಸಕ್ಕರೆ ಇಲ್ಲದ್ದು ತಾನೇ? ನಿಮಗಿಂತ ಅವಳಿಗೇ ಬುದ್ಧಿ ಜಾಸ್ತಿ. ಏನೂ ಆಗಲ್ಲ ಹೋಗಿ. ಎರಡು ದಿನ ಅಂಟಂಟಾಗಿ ಹೋಗುತ್ತೆ ಅಷ್ಟೇ."

"ವಾಂತಿ ಮಾಡಿಸೋದು ಬೇಡ್ವಾ? ಹೋದ ಸಲ ಇಲಿ ಪಾಷಾಣದ ನಾಯಿಗೆ ಮಾಡಿಸಿದ್ರಲ್ಲ..."

"ಟೈಲರಣ್ಣ, ಇಲ್ಲಿ ಡಾಕ್ಟ್ರು ನಾನಾ, ನೀವಾ?"

ಸರತಿಯಲ್ಲಿ ಕೂತವರು ನಕ್ಕರು. ಟೈಲರಣ್ಣನೂ ನಕ್ಕರು, ಪಾಪ. ನನ್ನ ಮೇಲಿದ್ದ ನಂಬಿಕೆಗೆ ಅವರ ಮುಖ ಆ ಕ್ಷಣವೇ ಹಗುರಾಯಿತು. ಹೋಗುವಾಗ ನನ್ನ ಬಿಳಿ ಕೋಟು ನೋಡಿ, "ಜೇಬು ಕಿತ್ತೋಗಿದೆಯಲ್ಲ, ಡಾಕ್ಟ್ರು ಹೀಗಾ ಇರೋದು? ಕೊಡಿ, ಹೊಸದು ಹಾಕ್ಕೊಡ್ತೀನಿ" ಎಂದು ಕೋಟನ್ನು ತೆಗೆದುಕೊಂಡು ಹೋದರು. ವಾಂತಿ ಮಾಡಿಸುವ ಇಂಜೆಕ್ಷನ್ನು ನನ್ನ ಬೆನ್ನ ಹಿಂದಿನ ಕಪಾಟಿನಲ್ಲೇ ಇತ್ತು. ಕೈ ಚಾಚಿದ್ದರೆ ಸಾಕಿತ್ತು.

ಮಧ್ಯಾಹ್ನ ಒಂದೂವರೆಗೆ ಮನೆಗೆ ಊಟಕ್ಕೆ ಹೋದೆ. ಮನೆ ಕ್ಲಿನಿಕ್ಕಿನ ಮೇಲೆಯೇ. ಮೇಷ್ಟ್ರು ತಟ್ಟೆ ಹಾಕುತ್ತಿದ್ದರು. ತಮಾಷೆಗೆಂದು ಬೆಳಗಿನ ಕಥೆ ಹೇಳಿದೆ. ಮೇಷ್ಟ್ರು ಸೌಟು ಹಿಡಿದುಕೊಂಡೇ ನಿಂತರು.

"ಸಕ್ಕರೆ ಇಲ್ಲದ ಗಮ್ಮಾ? ಅದು ವಿಷ ಅಲ್ವೇನೇ?"

"ನಿಮಗೇನ್ರೀ ಗೊತ್ತು? ಸುಮ್ನೆ ಅನ್ನ ಹಾಕಿ."

"ಅಲ್ಲ ಕಣೇ, ಆ ನಿನ್ನ ತಲೆಸುತ್ತು ಮೇಡಂ ಹೇಳಿದ್ಲಲ್ಲ. ಅದರಲ್ಲಿ ಸಕ್ಕರೆ ಬದಲು ಏನೋ ಹಾಕಿರ್ತಾರಂತೆ, ಝೈಲಿಟಾಲ್ ಅಂತ. ಪದಬಂಧಕ್ಕೆ ಬರುತ್ತೇನೋ ಅಂತ ಬರೆದಿಟ್ಕೊಂಡಿದ್ದೆ. ನಮಗೇನೂ ಮಾಡಲ್ವಂತೆ. ನಾಯಿಗೆ ಮಾತ್ರ ರಕ್ತದಲ್ಲಿರೋ ಸಕ್ಕರೆ ಎಲ್ಲಾ ಇಳಿದುಹೋಗಿ, ಆಮೇಲೆ ಲಿವರ್ ಕೆಡುತ್ತಂತೆ. ನಾಯಿ ಚೆನ್ನಾಗೇ ಕಂಡ್ರೂ ತಕ್ಷಣ ವಾಂತಿ ಮಾಡಿಸ್ಬೇಕು, ಸಕ್ಕರೆ ನೀರು ಏರಿಸ್ಬೇಕು ಅಂದ್ಲು. ಪರೀಕ್ಷೆಲೂ ಕೇಳಿದ್ರಲ್ಲ, ಏಳನೇದು, ನೀನೇ ಒತ್ತಿದ್ದು."

ಏಳು ಸಿ. ಏಳು ಸಿ.

ಇಡೀ ಜಗತ್ತಿನಲ್ಲಿ ಆ ಪಾಠ ಗೊತ್ತಿರಬೇಕಾದವಳು ನಾನು, ಗೊತ್ತಿದ್ದದ್ದು ಪದಬಂಧ ತುಂಬುವ ನನ್ನ ಗಂಡನಿಗೆ. ಖಾಲಿ ತಟ್ಟೆ ಬಿಟ್ಟು ಮೆಟ್ಟಿಲಿಳಿದು ಓಡಿದೆ.

ಟೈಲರಣ್ಣ ಮಿಷನ್ನು ತುಳಿಯುತ್ತಿದ್ದರು. ಚಿಂದಿ ಪೆಡಲಿನ ಪಕ್ಕ ಉದ್ದಕ್ಕೆ ಮಲಗಿದ್ದಳು.

"ಬೆಳಗ್ಗೆಯಿಂದ ಸುಸ್ತಾಗಿ ಮಲಗಿದಾಳೆ ನೋಡಿ. ಒಂದ್ಸಲ ಕಾಲು ಸ್ವಲ್ಪ ಅದುರ್ತು. ಏನೂ ಆಗಲ್ಲ ಅಂದಿದ್ರಲ್ಲ, ಮಲಗ್ಲಿ ಅಂತ ಎಬ್ಬಿಸ್ಲಿಲ್ಲ."

ಎತ್ತಿದೆ. ತಲೆ ಜೋತುಬಿತ್ತು. ಕ್ಲಿನಿಕ್ಕಿಗೆ ಒಯ್ದು ಕಿವಿಯಂಚಿನಿಂದ ಒಂದು ಹನಿ ರಕ್ತ ಸಕ್ಕರೆ ಅಳೆಯುವ ಮೀಟರಿಗೆ ಹಚ್ಚಿದರೆ ಮೂವತ್ತೊಂದು. ಎಂಬತ್ತಕ್ಕಿಂತ ಮೇಲಿರಬೇಕು. ಇನ್ನೇನು ಮುಗಿದೇಹೋಯಿತು ಅನ್ನುವಷ್ಟು ಕಡಿಮೆ. ಮುಂಗಾಲಿನ ನರ ಹಿಡಿದು ಸಕ್ಕರೆ ನೀರು ಏರಿಸಿದೆ. ಐದು ನಿಮಿಷಕ್ಕೆ ಚಿಂದಿ ಕಣ್ಣು ಬಿಟ್ಟಳು. ಹತ್ತು ನಿಮಿಷಕ್ಕೆ ತಲೆ ಎತ್ತಿ ಟೈಲರಣ್ಣನನ್ನು ಹುಡುಕಿ ಬಾಲವನ್ನು ಟೇಬಲ್ಲಿಗೆ ಪಟ್ ಪಟ್ ಎಂದು ಬಡಿದಳು. ಟೈಲರಣ್ಣ ನನ್ನ ಎರಡೂ ಕೈ ಹಿಡಿದುಕೊಂಡು ಹೋ ಎಂದು ಅತ್ತರು.

"ನೀವು ಓಡಿ ಬರದೇ ಇದ್ದಿದ್ರೆ ಹೋಗೇಬಿಡ್ತಿದ್ಲು. ನಿಮಗೆ ಹೇಗೆ ಹೊಳೀತು ಡಾಕ್ಟ್ರಮ್ಮ?"

ನಾನು ಬಾಟಲಿಯ ಹನಿ ಎಣಿಸತೊಡಗಿದೆ.

ಸಂಜೆ ತಲೆಸುತ್ತಿಗೆ ಫೋನು ಮಾಡಿದೆ. ನನ್ನ ದನಿ ಕೇಳಿದ್ದೇ, "ಮೇಡಂ! ನಿಮ್ಮ ಹೆಸರು ಲಿಸ್ಟಲ್ಲಿ ನೋಡಿ ನಂಗೆಷ್ಟು ಖುಷಿ ಆಯ್ತು ಗೊತ್ತಾ? ನೂರಕ್ಕೆ ನೂರು! ನನ್ನ ಪಾಠ ನೀವು ಕೂತು ಕೇಳಿದ್ರಲ್ಲ, ಅದೇ ನಂಗೆ ದೊಡ್ಡ ಸರ್ಟಿಫಿಕೇಟು" ಎಂದಳು. ಯಾರೋ ತಡವಾಗಿ ತಂದ ನಾಯಿ ಎಂಬಂತೆ ವಿಷಯ ಹೇಳಿದೆ. ಯಾರೋ ತಡವಾಗಿ ತಂದ ನಾಯಿ! ಅವಳು ಅಯ್ಯೋ ಎಂದು, ಯಾವ ಔಷಧ, ಎಷ್ಟು, ಎಷ್ಟು ಹೊತ್ತಿಗೊಮ್ಮೆ ಎಂದು ಬಿಡಿಸಿ ಬಿಡಿಸಿ ಹೇಳಿದಳು. ಕೊನೆಗೆ, "ನಲವತ್ತು ಗಮ್ಮು, ಒಂಬತ್ತು ಕೇಜಿ ನಾಯಿ ಅಂದ್ರೆ ಲಿವರ್ ಉಳಿಯೋದು ಕಷ್ಟ ಮೇಡಂ. ಮೊದಲ ಒಂದು ಗಂಟೇಲಿ ತಂದಿದ್ರೆ ಮಾತೇ ಬೇರೆ ಇತ್ತು. ಜನಕ್ಕೆ ಎಷ್ಟು ಹೇಳಿದ್ರೂ ಕಿವಿಗೆ ಹಾಕ್ಕೊಳಲ್ಲ ಅಲ್ವಾ?" ಎಂದಳು.

"ಹೂಂ, ಹಾಕ್ಕೊಳಲ್ಲ" ಎಂದೆ.

ಮರುದಿನ ಬೆಳಿಗ್ಗೆ ಚಿಂದಿಯ ತುಟಿ ಎತ್ತಿ ನೋಡಿದರೆ ವಸಡು ಹಳದಿ. ಸಂಜೆಗೆ ಸೂಜಿ ಚುಚ್ಚಿದ ಜಾಗಗಳಲ್ಲಿ ರಕ್ತ ನಿಲ್ಲದೆ ಜಿನುಗತೊಡಗಿತು. ಟೈಲರಣ್ಣ ಅಂಗಡಿಗೆ ಬೀಗ ಹಾಕಿ ಬಂದು ಪಂಜರದ ಮುಂದೆ ಸ್ಟೂಲು ಹಾಕಿಕೊಂಡು ಕೂತರು. ಸುಮ್ಮನೆ ಕೂರಲಾಗದೆ ನನ್ನ ಕೋಟನ್ನು ತಂದು ಮಡಿಲಲ್ಲಿಟ್ಟುಕೊಂಡು ಜೇಬನ್ನು ಕೈಯಲ್ಲೇ ಹೊಲಿಯುತ್ತಿದ್ದರು. ಮಧ್ಯೆ ಮಧ್ಯೆ ನಿಲ್ಲಿಸಿ, ಸರಳುಗಳ ಸಂದಿಯಿಂದ ಬೆರಳು ತೂರಿಸುವರು. ಚಿಂದಿ ಆ ಬೆರಳಿನ ಮೇಲೆ ಗದ್ದ ಇಟ್ಟುಕೊಳ್ಳುವಳು. ಮೇಷ್ಟ್ರು ಎರಡು ಸಲ ಊಟ ತಂದರು. ಇಬ್ಬರೂ ಮುಟ್ಟಲಿಲ್ಲ. ಮೇಷ್ಟ್ರು ನನ್ನ ಮುಖವನ್ನೊಮ್ಮೆ, ಗೋಡೆಯ ಸರ್ಟಿಫಿಕೇಟನ್ನೊಮ್ಮೆ ನೋಡಿ ಮೇಲೆ ಹೋದರು.

ಮೂರನೇ ದಿನ ಮಧ್ಯಾಹ್ನ ಮೂರಕ್ಕೆ ಚಿಂದಿ ಹೋದಳು. ಟೈಲರಣ್ಣನ ಬೆರಳು ಅವಳ ಗದ್ದದ ಕೆಳಗೇ ಇತ್ತು. ಹೋದಳು ಎಂದು ಅವರಿಗೆ ತಿಳಿಯಲೇ ಇಲ್ಲ. ಸ್ಟೆತಾಸ್ಕೋಪ್ ಇಟ್ಟು ನೋಡಿ ನಾನು ಹೇಳಬೇಕಾಯಿತು.

ಅವರು ಬೆರಳನ್ನು ಹೊರಗೆಳೆದುಕೊಂಡು, "ನಾನೇ ಕೊಂದೆ" ಎಂದರು. "ಡಬ್ಬೀನ ಮೇಲಿಟ್ಟಿದ್ರೆ ಆಗ್ತಿತ್ತು. ಮಿಷನ್ ಮೇಲೆ ಬಿಟ್ಟು ಸ್ನಾನಕ್ಕೆ ಹೋದೆ. ನನ್ನ ಕೈಯಾರೆ ಕೊಂದೆ."

ಆಗ ಹೇಳಬೇಕಿತ್ತು. ನೀವು ಹತ್ತೇ ನಿಮಿಷದಲ್ಲಿ ತಂದಿರಿ, ನಾನು ನಗಾಡಿ ಕಳಿಸಿದೆ ಎಂದು ಆಗಲೇ ಹೇಳಬೇಕಿತ್ತು. ನನ್ನ ಬಾಯಿಂದ ಬಂದದ್ದು, "ಇಂಥದ್ದೆಲ್ಲ ಯಾರಿಗೆ ಗೊತ್ತಿರುತ್ತೆ ಬಿಡಿ ಟೈಲರಣ್ಣ" ಎಂಬ ಮಾತು. ಇಪ್ಪತ್ತೆಂಟು ವರ್ಷ ಕಂಡಕಂಡವರಿಗೆಲ್ಲ ಬೈದ ಬಾಯಿ ನನ್ನ ಸರದಿ ಬಂದಾಗ ಇಷ್ಟು ಮೆತ್ತಗಾಯಿತು. ಛೀ.

ಆಮೇಲೆ ಒಂದು ಭಾನುವಾರ ಬಾಗಿಲು ಹಾಕಿಕೊಂಡು ಆ ಪಾಠವನ್ನು ಮೊದಲಿನಿಂದ ನೋಡಿದೆ. "ನೀವು ಇದ್ದೀರಾ?" ಎಂದಾಗಲೆಲ್ಲ ನಾನೇ ಒತ್ತಿದೆ. ತಲೆಸುತ್ತು ಎಷ್ಟು ಚೆನ್ನಾಗಿ ಹೇಳುತ್ತಾಳೆ! ನಲವತ್ತೊಂದನೇ ನಿಮಿಷಕ್ಕೆ ಒಂದು ಗಮ್ಮಿನ ಡಬ್ಬಿಯನ್ನು ಕ್ಯಾಮೆರಾಗೆ ಹಿಡಿದು, "ಸಕ್ಕರೆ ಇಲ್ಲದ್ದು, ಏನೂ ಆಗಲ್ಲ ಅಂತ ದಯವಿಟ್ಟು ವಾಪಸ್ ಕಳಿಸಬೇಡಿ" ಅನ್ನುತ್ತಾಳೆ. ನಾನು ಟೈಲರಣ್ಣನಿಗೆ ಹೇಳಿದ ಮಾತೇ ಅದು. ಎದ್ದುಹೋಗಿ ಸರ್ಟಿಫಿಕೇಟನ್ನು ಕೆಳಗಿಳಿಸಿ ಕಪಾಟಿನ ಹಿಂದೆ ತಳ್ಳಿದೆ. ಅದರಿಂದ ಯಾರಿಗೇನು ಉಪಯೋಗ?

ಅಷ್ಟಾದರೂ ಟೈಲರಣ್ಣನ ಬಳಿ ಹೋಗುವ ಧೈರ್ಯ ಬರಲಿಲ್ಲ. ಅವರ ಅಂಗಡಿಯ ಮುಂದೆ ಹಾಯಬೇಕಾಗುತ್ತದೆಂದು ಹಿಂದಿನ ಬೀದಿಯಿಂದ ಸುತ್ತಿಕೊಂಡು ಓಡಾಡಿದೆ. ಹನ್ನೆರಡನೇ ದಿನ ಒಬ್ಬ ಹೆಂಗಸು ತನ್ನ ನಾಯಿಗೆ ಚುಚ್ಚುಮದ್ದು ಹಾಕಿಸಲು ಬಂದವಳು ಹೇಳಿದಳು. "ನಿಮ್ಮ ಪಕ್ಕದ ಟೈಲರು ಅಂಗಡಿಗೆ ಏನು ಅಂಟಿಸಿದಾರೆ ನೋಡಿದ್ರಾ ಡಾಕ್ಟ್ರೇ? ಓದಿ ಕರುಳು ಕಿತ್ತು ಬಂತು."

ಹೋಗಿ ನೋಡಿದೆ. ಬಾಗಿಲ ಪಕ್ಕ ಒಂದು ರಟ್ಟು. ಅಳತೆಪುಸ್ತಕದಲ್ಲಿ ಬರೆಯುವ ಅದೇ ದುಂಡು ಅಕ್ಷರ. "ನಾಯಿ ಸಾಕಿದವರಲ್ಲಿ ವಿನಂತಿ. ಸಕ್ಕರೆ ಇಲ್ಲದ ಗಮ್ ನಾಯಿಗೆ ವಿಷ. ನನ್ನ ನಿರ್ಲಕ್ಷ್ಯದಿಂದ ನನ್ನ ನಾಯಿ ಸತ್ತಿತು. ನಮ್ಮ ಡಾಕ್ಟರಮ್ಮ ಮೂರು ದಿನ ನಿದ್ದೆಗೆಟ್ಟು ಪ್ರಯತ್ನಿಸಿದರು. ಆದರೂ ಉಳಿಯಲಿಲ್ಲ. ನೀವು ಎಚ್ಚರವಾಗಿರಿ."

ಇನ್ನು ತಡೆದುಕೊಳ್ಳಲಾಗಲಿಲ್ಲ. ಒಳಗೆ ಹೋದೆ. ಅವರು ಕೋಟನ್ನು ಮಿಷನ್ನಿನ ಮೇಲೆ ಹರಡಿಕೊಂಡಿದ್ದರು. ಕಾಲಿನ ಪಕ್ಕ ಜಾಗ ಖಾಲಿ ಇತ್ತು. ಆದರೂ ಅವರು ಕಾಲನ್ನು ಮೊದಲಿನಂತೆ ಒತ್ತಟ್ಟಿಗೆ ಮಡಚಿಕೊಂಡೇ ಪೆಡಲು ತುಳಿಯುತ್ತಿದ್ದರು.

"ಬನ್ನಿ ಡಾಕ್ಟ್ರಮ್ಮ. ಇವತ್ತು ಮುಗಿಸ್ಬಿಡ್ತೀನಿ. ಇನ್ನೊಂದು ಪಕ್ಕ ಇದೆ ಅಷ್ಟೇ."

ನಿಂತುಕೊಂಡೇ ಹೇಳಿದೆ. ಒಂದನ್ನೂ ಬಿಡದೆ ಹೇಳಿದೆ. ಪಾಠ, ಮೇಷ್ಟ್ರು ಒತ್ತಿದ್ದು, ಮೀಸೆಯ ಉತ್ತರ, ಏಳನೇ ಪ್ರಶ್ನೆ, ಕಪಾಟಿನಲ್ಲಿದ್ದ ಇಂಜೆಕ್ಷನ್ನು. ಮಿಷನ್ನು ನಿಂತಿತು. ಅವರು ಸೂಜಿಯ ಮೇಲಿನ ಕಣ್ಣು ಕದಲಿಸಲಿಲ್ಲ.

"ಒಂಬತ್ತೂವರೆಗೆ ವಾಂತಿ ಮಾಡಿಸಿದ್ದಿದ್ರೆ?"

"ಉಳೀತಿದ್ಲು."

"ನಾನು ಕೇಳಿದ್ದೆ."

"ಹೌದು. ಕೇಳಿದ್ರಿ."

ಹೊರಗೆ ಯಾರೋ ಬಂದು, ಅಳತೆಗೆ ಬರಬಹುದಾ ಎಂದರು. ನಾಳೆ ಬನ್ನಿ ಎಂದು ಟೈಲರಣ್ಣ ಕೈಯಾಡಿಸಿದರು. ಬೈಯುತ್ತಾರೆಂದು ಕಾದೆ. ಕೋಲಿದ್ದರೆ ಎತ್ತಿ ಕೊಟ್ಟೇನು ಅನ್ನಿಸಿತು. ಬೈಯಿರಿ ಟೈಲರಣ್ಣ, ಉಗಿಯಿರಿ, ರಟ್ಟಿನ ಮೇಲೆ ನನ್ನ ಹೆಸರು ಬರೆಯಿರಿ ಎಂದು ಗೋಗರೆದೆ.

ಅವರು ತಲೆ ಅಲ್ಲಾಡಿಸಿದರು.

"ನಾನು ಕೊಂದೆ ಅಂದ್ಕೊಂಡು ಹನ್ನೆರಡು ದಿನ ಕಳೆದೆ ಡಾಕ್ಟ್ರಮ್ಮ. ಅನ್ನ ಸೇರ್ತಿರ್ಲಿಲ್ಲ, ನಿಜ. ಆದ್ರೂ ಚಿಂದಿಗೆ ನೀವು ಇದ್ರಿ ಅನ್ನೋದೊಂದಿತ್ತು. ನಾನು ಕೈ ಬಿಟ್ರೂ ಡಾಕ್ಟ್ರಮ್ಮ ಬಿಡ್ಲಿಲ್ಲ ಅಂತ." "ಈಗ ಅವಳಿಗೆ ಯಾರೂ ಇರ್ಲಿಲ್ಲ ಅಂತಾಯ್ತು."

ಕೋಟನ್ನು ಮಿಷನ್ನಿನಿಂದ ತೆಗೆದರು. ಸೂಜಿಯಲ್ಲಿದ್ದ ದಾರವನ್ನು ಹಲ್ಲಿನಿಂದ ಕಚ್ಚಿ ಕತ್ತರಿಸಿ, ಮಡಿಚಿ, ಅಂಚು ತಟ್ಟಿ ಸರಿಮಾಡಿ ನನ್ನ ಕೈಗೆ ಕೊಟ್ಟರು. ಗಿರಾಕಿಗೆ ಕೊಡುವಾಗ ಅವರು ಯಾವಾಗಲೂ ಹಾಗೆಯೇ ತಟ್ಟುತ್ತಾರೆ.

"ಜೇಬಿಗೆ ಎರಡು ಪಕ್ಕ ಹಾಕಿದೀನಿ. ಇನ್ನೊಂದನ್ನ ಬೇರೆ ಯಾರ ಹತ್ರಾನಾದ್ರೂ ಹಾಕಿಸ್ಕೊಳ್ಳಿ."